ಹತ್ತನೆಯ ಪ್ರಶ್ನೆ ಹೋದದ್ದೆಲ್ಲಿ?

ಕೆಲವು ಕಾಲದ ಹಿಂದೆ ನಾವು ನಮ್ಮ ಕಾಲೇಜಿನ ಮೊದಲನೆಯ ವರ್ಷದ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಕಿರುಪರೀಕ್ಷೆಯೊಂದನ್ನು ಏರ್ಪಡಿಸಿದ್ದೆವು. ಪ್ರಶ್ನೆಗಳು ಹತ್ತು. ಅವೆಲ್ಲವೂ ಒಂದೇ ಹಾಳೆಯಲ್ಲಿ ಅಡಗಬೇಕೆಂಬ ಮಿತವ್ಯಯದ ಬುದ್ಧಿಯಿಂದ ಪುಟದ ಅಂಚುಗಳನ್ನು ಕಿರಿದುಮಾಡಿ, ಕೊನೆಯ ಪ್ರಶ್ನೆಯನ್ನು ಹಾಳೆಯ ಕೆಳತುದಿಯವರೆಗೂ ಇಳಿಸಿ, ಮನೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿದೆವು. ಪರದೆಯ ಮೇಲೆ ಹತ್ತು ಪ್ರಶ್ನೆಗಳೂ ಸ್ಪಷ್ಟವಾಗಿದ್ದುವು. ಮರುದಿನ ಬೆಳಗ್ಗೆ ಬೇರೊಂದು ಕಂಪ್ಯೂಟರಿನಿಂದ ಅರುವತ್ತು ಪ್ರತಿಗಳನ್ನು ತೆಗೆಸಿ, ಕಟ್ಟನ್ನು ಬಿಚ್ಚಿಯೂ ನೋಡದೆ ಪರೀಕ್ಷೆಯ ಕೊಠಡಿಗೆ ಒಯ್ದೆವು.

ಪರೀಕ್ಷೆ ಆರಂಭವಾಗಿ ಹತ್ತು ನಿಮಿಷವಾಗಿರಬಹುದು. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಹತ್ತು ಪ್ರಶ್ನೆಗೆ ಉತ್ತರಿಸಿ ಅಂತ ಮೇಲೆ ಇದೆ. ಇಲ್ಲಿ ಒಂಬತ್ತೇ ಇವೆ” ಎಂದಳು. ನಾವು ಹಾಳೆಯನ್ನು ನೋಡಿದೆವು. ನಿಜ! ಒಂಬತ್ತನೆಯ ಪ್ರಶ್ನೆಯ ಕೆಳಗೆ ಬರಿಯ ಬಿಳಿಯ ಕಾಗದ. ಅಕ್ಷರಗಳು ಅರ್ಧಕ್ಕೆ ತುಂಡಾಗಿದ್ದರೆ ಯಾರಾದರೂ ಮೊದಲೇ ಗಮನಿಸುತ್ತಿದ್ದರು. ಆದರೆ ಪ್ರಶ್ನೆಯು ಇದ್ದ ಗುರುತೇ ಉಳಿದಿರಲಿಲ್ಲ. ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಹತ್ತು ನಿಮಿಷ ಹೆಚ್ಚಿಗೆ ಕೊಟ್ಟು, ಹೇಗೋ ಪರೀಕ್ಷೆಯನ್ನು ಮುಗಿಸಿದೆವು.

ಪ್ರಿಂಟರು ಕೆಟ್ಟಿರಲಿಲ್ಲ; ಶಾಯಿ ಮುಗಿದಿರಲಿಲ್ಲ; ಕಾಗದವೂ ಸರಿಯಾದುದೇ. ಹಾಗಾದರೆ ಹತ್ತನೆಯ ಪ್ರಶ್ನೆ ಎಲ್ಲಿ ಹೋಯಿತು? ಇದನ್ನು ಅರಸುತ್ತ ಹೊರಟಾಗ, ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ನಡೆಯುವ ಒಂದು ಸಂವಾದವು ನಮಗೆ ಗೋಚರವಾಯಿತು. ಆ ಸಂವಾದವನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಒಂದು ಹಾಳೆ, ಎರಡು ಅಳತೆ

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಳಸುವ ಎ4 ಹಾಳೆಯ ಅಗಲ 210 ಮಿಲಿಮೀಟರು, ಉದ್ದ 297 ಮಿಲಿಮೀಟರು. ಅಮೆರಿಕದಲ್ಲಿ ರೂಢಿಯಲ್ಲಿರುವ ‘ಲೆಟರ್’ ಹಾಳೆಯ ಅಗಲ ಎಂಟೂವರೆ ಅಂಗುಲ, ಉದ್ದ ಹನ್ನೊಂದು ಅಂಗುಲ, ಎಂದರೆ 215.9 ಮತ್ತು 279.4 ಮಿಲಿಮೀಟರು. ಎರಡನ್ನೂ ಒಂದರ ಮೇಲೊಂದಿಟ್ಟರೆ, ಎ4 ಹಾಳೆಯು ಅಗಲದಲ್ಲಿ ಸ್ವಲ್ಪ ಕಿರಿದು, ಉದ್ದದಲ್ಲಿ 17.6 ಮಿಲಿಮೀಟರು ಹಿರಿದು.

ನಾವು ಪ್ರಶ್ನೆಗಳನ್ನು ಬರೆದದ್ದು ಎ4 ಪುಟದಲ್ಲಿ. ಪ್ರತಿಗಳನ್ನು ತೆಗೆದ ಕಂಪ್ಯೂಟರಾದರೋ ಪ್ರಿಂಟರಿನಲ್ಲಿ ಲೆಟರ್ ಹಾಳೆ ಇದೆಯೆಂದು ನಂಬಿಕೊಂಡಿತ್ತು. ಅದು ಪುಟದ ತಲೆಯನ್ನು ಹಾಳೆಯ ತಲೆಗೆ ಹೊಂದಿಸಿ, 279.4 ಮಿಲಿಮೀಟರಿನ ಆಚೆಗಿದ್ದುದನ್ನು ಬಿಟ್ಟುಬಿಟ್ಟಿತು. ಇದರ ಜೊತೆಗೆ, ಬಹುಪಾಲು ಪ್ರಿಂಟರುಗಳು ಹಾಳೆಯ ಅಂಚಿನ ಕೆಲವು ಮಿಲಿಮೀಟರುಗಳಲ್ಲಿ ಅಚ್ಚು ಮಾಡಲಾರವು. ಎರಡೂ ಸೇರಿ ಎರಡು ಸೆಂಟಿಮೀಟರಿನಷ್ಟು ಪಟ್ಟಿ ಮಾಯವಾಯಿತು. ನಮ್ಮ ಹತ್ತನೆಯ ಪ್ರಶ್ನೆ ಇದ್ದುದು ಆ ಪಟ್ಟಿಯಲ್ಲಿಯೇ. ತಟ್ಟೆಯಲ್ಲಿದ್ದ ನಿಜವಾದ ಕಾಗದ ಎ4 ಆದುದರಿಂದ, ಕೆಳಗೆ ಉಳಿದ ಖಾಲಿ ಜಾಗವು ಸಹಜವಾದ ಅಂಚಿನಂತೆಯೇ ಕಂಡಿತು. ತಟ್ಟೆಯ ಕಾಗದವನ್ನು ಅಳೆದು ನೋಡುವ ಅಂಗವು ಆ ಪ್ರಿಂಟರಿಗೆ ಇರಲಿಲ್ಲ.

ಹೀಗೆ ತಪ್ಪು ನಡೆದದ್ದು ಯಂತ್ರದಲ್ಲಲ್ಲ. ಯಂತ್ರದೊಡನೆ ಆಡಿದ ಮಾತಿನಲ್ಲಿ. ಈ ಮಾತನ್ನು ಆಡುವವರು ಯಾರು?

ಭಂಡಾರದ ಉಪಯೋಗ

ಒಂದು ಕಾಲದಲ್ಲಿ, ಅಚ್ಚು ಮಾಡಬಯಸುವ ಪ್ರತಿಯೊಂದು ಪ್ರೋಗ್ರಾಮೂ ಪ್ರತಿಯೊಂದು ಬಗೆಯ ಪ್ರಿಂಟರಿನ ಭಾಷೆಯನ್ನು ತಾನೇ ಕಲಿಯಬೇಕಾಗಿತ್ತು. ಹತ್ತು ಪ್ರೋಗ್ರಾಮುಗಳೂ ಇಪ್ಪತ್ತು ಬಗೆಯ ಪ್ರಿಂಟರುಗಳೂ ಇದ್ದರೆ, ಹತ್ತನ್ನು ಇಪ್ಪತ್ತರಿಂದ ಗುಣಿಸಿ ಇನ್ನೂರು ದುಭಾಷಿಗಳು ಬೇಕಾದಂತಾಯಿತು. ನಡುವೆ ಎಲ್ಲರಿಗೂ ಸಮಾನವಾದ ಒಂದು ವ್ಯವಸ್ಥೆಯನ್ನು ಇಟ್ಟರೆ, ಪ್ರತಿಯೊಂದು ಪ್ರೋಗ್ರಾಮೂ ಪ್ರತಿಯೊಂದು ಪ್ರಿಂಟರೂ ಅದೊಂದರೊಡನೆ ಮಾತನಾಡಿದರೆ ಸಾಕು. ಹತ್ತು ಕೂಡಿಸು ಇಪ್ಪತ್ತು, ಬರಿಯ ಮೂವತ್ತು. ಗುಣಾಕಾರವು ಸಂಕಲನವಾಗುವುದೇ ಇಲ್ಲಿನ ಲಾಭ.

ಈ ನಡುವಣ ವ್ಯವಸ್ಥೆಯಲ್ಲಿ ಪ್ರೋಗ್ರಾಮರಿನ ಕೈಗೆ ಸಿಕ್ಕುವ ಭಾಗಕ್ಕೆ ‘ಲೈಬ್ರರಿ’ ಎಂದು ಹೆಸರು. ಇದು ಪುಸ್ತಕಗಳ ಭಂಡಾರವಲ್ಲ. ಮೊದಲೇ ಬರೆದು, ಪರೀಕ್ಷಿಸಿ ಇಟ್ಟ ಕೆಲಸಗಳ ಭಂಡಾರ. ಅದರಲ್ಲಿನ ಒಂದೊಂದು ಕೆಲಸವನ್ನೂ ‘ಫಂಕ್ಷನ್’ ಎನ್ನುತ್ತಾರೆ. ನಾವು ಲೆಕ್ಕ ಮಾಡುವಾಗ ಲಾಗರಿತಮ್ ಕೋಷ್ಟಕವನ್ನು ತೆರೆದು ನೋಡುತ್ತೇವಲ್ಲವೆ? ಆ ಸಂಖ್ಯೆಗಳನ್ನು ಯಾರೋ ಒಮ್ಮೆ ಶ್ರಮಪಟ್ಟು ಗಣಿಸಿಟ್ಟಿದ್ದಾರೆ. ನಾವು ಒಂದು ಸಂಖ್ಯೆಯನ್ನು ಒಯ್ಯುತ್ತೇವೆ, ಮತ್ತೊಂದನ್ನು ತರುತ್ತೇವೆ. ಫಂಕ್ಷನ್ನೂ ಹಾಗೆಯೇ: ಕೆಲವು ವಿವರಗಳನ್ನು ಕೊಟ್ಟು ಕರೆದರೆ ಒಂದು ಉತ್ತರವನ್ನು ಹಿಂತಿರುಗಿಸುತ್ತದೆ.

ಇಂತಹ ಲೈಬ್ರರಿಗಳಲ್ಲಿ ಪ್ರಸಿದ್ಧವಾದುದೊಂದರ ಹೆಸರು ‘ಕಪ್ಸ್’. ಮೈಕೇಲ್ ಸ್ವೀಟ್ ಎಂಬ ಅಮೆರಿಕದ ಪ್ರೋಗ್ರಾಮರು 1997ರಲ್ಲಿ ಇದರ ಕೆಲಸವನ್ನು ಆರಂಭಿಸಿದನು; 1999ರಲ್ಲಿ ಇದು ಸಾರ್ವಜನಿಕರಿಗೆ ದೊರೆಯಿತು. 2002ರಲ್ಲಿ ಆಪಲ್ ಸಂಸ್ಥೆಯು ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಇದನ್ನು ಅಳವಡಿಸಿಕೊಂಡು, 2007ರಲ್ಲಿ ಅದರ ಒಡೆತನವನ್ನೂ ಕೊಂಡಿತು. ಲಿನಕ್ಸ್ ಬಳಸುವ ಕಂಪ್ಯೂಟರುಗಳಲ್ಲಿಯೂ ಸಾಮಾನ್ಯವಾಗಿ ಇದೇ ಉಂಟು. ಸ್ವೀಟನು 2019ರಲ್ಲಿ ಆಪಲ್ ಸಂಸ್ಥೆಯನ್ನು ಬಿಟ್ಟ ಮೇಲೆ, ‘ಓಪನ್ ಪ್ರಿಂಟಿಂಗ್’ ಎಂಬ ಬಳಗವು ಇದರ ಬೆಳವಣಿಗೆಯನ್ನು ಮುಂದುವರಿಸಿತು. ವಿಂಡೋಸಿನಲ್ಲಿ ಬೇರೆಯ ವ್ಯವಸ್ಥೆ ಇದ್ದರೂ ಕೆಲಸದ ಹಂಚಿಕೆ ಬಹುಮಟ್ಟಿಗೆ ಇಂತಹುದೇ.

ಹಿಟ್ಟಿನ ಗಿರಣಿಯಲ್ಲಿ

ಕಪ್ಸ್ ಲೈಬ್ರರಿಯಲ್ಲಿ ಫಂಕ್ಷನ್ನುಗಳು ಬಹಳ. ಆದರೆ ಮುಖ್ಯವಾದ ಕಾರ್ಯಗಳು ನಾಲ್ಕೇ. ಅವನ್ನು ತಿಳಿಯಲು ನಮ್ಮ ಊರುಗಳ ಹಿಟ್ಟಿನ ಗಿರಣಿಯನ್ನು ನೆನೆದರೆ ಸಾಕು. ರಾಗಿ ಬೀಸಿಸಲು ಹೊರಟವರು ಮೊದಲು ಯಾವ ಗಿರಣಿ ತೆರೆದಿದೆಯೆಂದು ವಿಚಾರಿಸುತ್ತಾರೆ. ಬಳಿಕ, “ಇಲ್ಲಿ ರಾಗಿ ಬೀಸುತ್ತೀರಾ? ನುಣ್ಣಗೆ ಆಗುತ್ತದೆಯೆ?” ಎಂದು ಕೇಳುತ್ತಾರೆ. ಆಮೇಲೆ ಡಬ್ಬವನ್ನು ಸಾಲಿನಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ಕಡೆಗೆ ಬಂದು, “ನಮ್ಮದು ಆಯಿತೆ?” ಎಂದು ನೋಡುತ್ತಾರೆ. ಯಾರಿದ್ದೀರಿ, ಏನನ್ನು ಬಲ್ಲಿರಿ, ಇದನ್ನು ತೆಗೆದುಕೊಳ್ಳಿ, ಏನಾಯಿತು — ಈ ನಾಲ್ಕೇ ಮಾತುಗಳು.

ಯಾರಿದ್ದೀರಿ?

ಮೊದಲನೆಯ ಕಾರ್ಯವನ್ನು ನಡೆಸುವ ಫಂಕ್ಷನ್ನಿಗೆ ‘ಕಪ್ಸ್-ಎನಮ್-ಡೆಸ್ಟ್ಸ್’ ಎಂದು ಹೆಸರು. ಗಮ್ಯಸ್ಥಾನಗಳನ್ನು ಒಂದೊಂದಾಗಿ ಎಣಿಸು ಎಂದು ಇದರ ಅರ್ಥ. ಕಂಪ್ಯೂಟರಿಗೆ ಮೊದಲೇ ಪರಿಚಯವಾಗಿರುವ ಪ್ರಿಂಟರುಗಳಲ್ಲದೆ, ಅದೇ ಜಾಲದಲ್ಲಿ ತಮ್ಮ ಇರವನ್ನು ಸಾರುತ್ತಿರುವ ಪ್ರಿಂಟರುಗಳನ್ನೂ ಇದು ಹುಡುಕುತ್ತದೆ.

ಇಲ್ಲಿ ಒಂದು ಸ್ವಾರಸ್ಯವುಂಟು. ಜಾಲದಲ್ಲಿರುವ ಪ್ರಿಂಟರುಗಳೆಲ್ಲವೂ ಒಟ್ಟಿಗೆ ಉತ್ತರ ಕೊಡುವುದಿಲ್ಲ. ಒಂದು ತಕ್ಷಣ ಓಗೊಟ್ಟರೆ, ನಿದ್ರಾಸ್ಥಿತಿಯಲ್ಲಿರುವ ಇನ್ನೊಂದು ತಡವಾಗಿ ಓಗೊಡುತ್ತದೆ. ಆದುದರಿಂದ ಈ ಫಂಕ್ಷನ್ನು ಪೂರ್ಣವಾದ ಪಟ್ಟಿಗಾಗಿ ಕಾಯುತ್ತ ಕೂಡದೆ, ಒಂದೊಂದು ಪ್ರಿಂಟರು ಸಿಕ್ಕಿದಾಗಲೂ ಪ್ರೋಗ್ರಾಮಿಗೆ ಸುದ್ದಿ ಮುಟ್ಟಿಸುತ್ತದೆ. ಎಷ್ಟು ಹೊತ್ತು ಹುಡುಕಬೇಕೆಂಬುದನ್ನು ಪ್ರೋಗ್ರಾಮರು ಮಿಲಿಸೆಕೆಂಡುಗಳಲ್ಲಿ ತಿಳಿಸಬಹುದು. ಪ್ರಿಂಟರುಗಳ ಹೆಸರುಗಳು ಪರದೆಯ ಮೇಲೆ ಒಂದಾದ ಮೇಲೊಂದು ಮೂಡುವುದನ್ನು ಕಂಡವರಿಗೆ ಅದರ ಕಾರಣ ಈಗ ತಿಳಿಯಬಹುದು.

ಏನನ್ನು ಬಲ್ಲಿರಿ?

ಎರಡನೆಯ ಕಾರ್ಯವೇ ನಮ್ಮ ಕಥೆಯ ಜೀವಾಳ. ‘ಕಪ್ಸ್-ಕಾಪಿ-ಡೆಸ್ಟ್-ಇನ್ಫೊ’ ಎಂಬ ಫಂಕ್ಷನ್ನು ಆಯ್ದ ಪ್ರಿಂಟರಿನ ಸಾಮರ್ಥ್ಯಗಳ ವಿವರವನ್ನು ತರುತ್ತದೆ. ‘ಕಪ್ಸ್-ಚೆಕ್-ಡೆಸ್ಟ್-ಸಪೋರ್ಟೆಡ್’ ಎಂಬುದು, “ಎರಡು ಮಗ್ಗುಲಲ್ಲಿಯೂ ಅಚ್ಚು ಮಾಡಬಲ್ಲೆಯಾ? ಎ4 ಹಾಳೆಯನ್ನು ಬಲ್ಲೆಯಾ?” ಎಂಬಂತಹ ಪ್ರಶ್ನೆಗಳಿಗೆ ಹೌದು ಎಂದಾದರೆ 1, ಅಲ್ಲ ಎಂದಾದರೆ 0 ಎಂದು ಉತ್ತರಿಸುತ್ತದೆ. ಬಿಡಿಬಿಡಿಯಾಗಿ ಸಾಧ್ಯವಾದ ಎರಡು ಕೋರಿಕೆಗಳು ಜೊತೆಯಾಗಿ ಅಸಾಧ್ಯವಾಗುವುದೂ ಉಂಟು. ಲಕೋಟೆಯ ಮೇಲೆ ಎರಡು ಮಗ್ಗುಲಲ್ಲಿಯೂ ಅಚ್ಚು ಮಾಡಲು ಎಷ್ಟೋ ಪ್ರಿಂಟರುಗಳಿಗೆ ಆಗದು. ಅಂತಹ ವಿರೋಧಗಳನ್ನು ಮೊದಲೇ ತೋರಿಸಿಕೊಡುವ ಫಂಕ್ಷನ್ನೂ ಇದೆ.

ಹಾಳೆಯ ಅಳತೆಯನ್ನು ತಿಳಿಸುವ ಫಂಕ್ಷನ್ನುಗಳು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಮಾನವಾಗಿ ಇಟ್ಟುಕೊಂಡಿವೆ. ಈ ಲೆಕ್ಕದಲ್ಲಿ ಎ4 ಹಾಳೆಯ ಅಗಲ 21000, ಉದ್ದ 29700. ದಶಾಂಶ ಬಿಂದುವಿನ ತೊಡಕಿಲ್ಲದೆ ಪೂರ್ಣಾಂಕಗಳಲ್ಲಿಯೇ ಕೆಲಸ ಸಾಗಲೆಂಬುದು ಇದರ ಉಪಾಯ. ಅಳತೆಯ ಜೊತೆಗೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಷ್ಟೆಷ್ಟು ಜಾಗದಲ್ಲಿ ಆ ಪ್ರಿಂಟರು ಅಚ್ಚು ಮಾಡಲಾರದೆಂಬ ನಾಲ್ಕು ಸಂಖ್ಯೆಗಳೂ ದೊರೆಯುತ್ತವೆ. ಹಾಳೆಯ ಹೆಸರಿನಲ್ಲಿಯೇ ಅದರ ಅಳತೆಯನ್ನು ಸೇರಿಸುವ ಪದ್ಧತಿಯೂ ಇದೆ: ‘ಐಎಸ್‌ಒ ಎ4 210×297 ಮಿಮೀ’ ಎಂಬ ಅರ್ಥದ ಹೆಸರನ್ನು ಕಂಡ ಪ್ರೋಗ್ರಾಮು, ಆ ಹಾಳೆಯ ಪರಿಚಯವಿಲ್ಲದಿದ್ದರೂ ಅದನ್ನು ಅಳೆಯಬಲ್ಲುದು.

ಪ್ರೋಗ್ರಾಮರು ಹಾಳೆಯ ವಿಷಯವನ್ನು ಎತ್ತದೆ ಹೋದರೆ ಏನಾಗುತ್ತದೆ? ಮೊದಲೇ ಗೊತ್ತುಮಾಡಿದ ಹಾಳೆಯನ್ನು, ಎಂದರೆ ‘ಡೀಫಾಲ್ಟ್’ ಹಾಳೆಯನ್ನು, ವ್ಯವಸ್ಥೆಯು ಇಟ್ಟುಕೊಳ್ಳುತ್ತದೆ. ನಮ್ಮ ಪ್ರತಿಗಳನ್ನು ತೆಗೆದ ಕಂಪ್ಯೂಟರಿನಲ್ಲಿ ಅದು ಲೆಟರ್ ಆಗಿತ್ತು. ಕೇಳಿದ್ದರೆ ಉತ್ತರ ಸಿಕ್ಕುತ್ತಿತ್ತು, ಯಾರೂ ಕೇಳಲಿಲ್ಲ.

ಇದನ್ನು ತೆಗೆದುಕೊಳ್ಳಿ

ಮೂರನೆಯ ಕಾರ್ಯವು ಮೂರು ನಾಲ್ಕು ಹೆಜ್ಜೆಗಳಲ್ಲಿ ನಡೆಯುತ್ತದೆ. ‘ಕಪ್ಸ್-ಕ್ರಿಯೇಟ್-ಡೆಸ್ಟ್-ಜಾಬ್’ ಎಂಬ ಫಂಕ್ಷನ್ನು ಸಾಲಿನಲ್ಲಿ ಒಂದು ಸ್ಥಾನವನ್ನು ಪಡೆದು, ಅದರ ಸಂಖ್ಯೆಯನ್ನು ಚೀಟಿಯಂತೆ ಕೈಗೆ ಕೊಡುತ್ತದೆ. ಇನ್ನೊಂದು ಫಂಕ್ಷನ್ನು, ಬರಲಿರುವ ದಸ್ತಾವೇಜು ಯಾವ ಬಗೆಯದೆಂದು ಸಾರುತ್ತದೆ. ಮತ್ತೊಂದು ಅದನ್ನು ತುಂಡುತುಂಡಾಗಿ ಸಾಗಿಸುತ್ತದೆ. ಕಡೆಯದು, “ಇಲ್ಲಿಗೆ ಮುಗಿಯಿತು” ಎಂದು ಮುದ್ರೆಯೊತ್ತುತ್ತದೆ. ನೂರಾರು ಪುಟಗಳ ಪುಸ್ತಕವನ್ನು ಒಂದೇ ತುತ್ತಿಗೆ ಕೊಡುವುದು ಕಷ್ಟವಾದುದರಿಂದ ಈ ತುಂಡುಗಳ ಏರ್ಪಾಡು. ಸಾಲನ್ನು ನೋಡಿಕೊಳ್ಳುವ ಮೇಸ್ತ್ರಿಯಂತಹ ಪ್ರೋಗ್ರಾಮು ಬೇರೆಯೇ ಇದೆ. ಲೈಬ್ರರಿಯು ಅದರೊಡನೆ, 1999ರಲ್ಲಿ ಪ್ರಕಟವಾದ ‘ಇಂಟರ್‌ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್’ ಎಂಬ ನಿಯಮಾವಳಿಯಂತೆ ಮಾತನಾಡುತ್ತದೆ.

ಸಾಲು ಏಕೆ ಬೇಕು? ಕಂಪ್ಯೂಟರು ವೇಗದ ಯಂತ್ರ. ಪ್ರಿಂಟರು ಕಾಗದವನ್ನು ಎಳೆದು, ಶಾಯಿಯನ್ನು ಅಂಟಿಸಬೇಕಾದ ನಿಧಾನದ ಯಂತ್ರ. ಎಷ್ಟು ನಿಧಾನವೆಂಬುದನ್ನು ತಿಳಿಯಲು ಒಂದು ಲೆಕ್ಕ ಮಾಡೋಣ. ಅಂಗುಲಕ್ಕೆ 600 ಚುಕ್ಕೆಗಳನ್ನು ಇಡುವ ಪ್ರಿಂಟರಿನಲ್ಲಿ ಎ4 ಪುಟದ ಅಗಲಕ್ಕೆ ಸುಮಾರು 4960, ಉದ್ದಕ್ಕೆ ಸುಮಾರು 7016 ಚುಕ್ಕೆಗಳು ಹಿಡಿಯುತ್ತವೆ. ಗುಣಿಸಿದರೆ ಮೂರು ಕೋಟಿ ನಲವತ್ತೇಳು ಲಕ್ಷಕ್ಕೂ ಹೆಚ್ಚು. ಪ್ರತಿಯೊಂದು ಚುಕ್ಕೆಯೂ ಕಪ್ಪೋ ಬಿಳಿಯೋ ಎಂಬುದಕ್ಕೆ ಒಂದು ಬಿಟ್ ಬೇಕು. ಎಂಟು ಬಿಟ್ಟುಗಳಿಗೆ ಒಂದು ಬೈಟ್. ಹೀಗೆ ಒಂದು ಪುಟಕ್ಕೆ 43 ಲಕ್ಷ ಬೈಟುಗಳಿಗೂ ಮಿಗಿಲು! ಬಣ್ಣದ ನಾಲ್ಕು ಶಾಯಿಗಳಿದ್ದರೆ ಅದರ ನಾಲ್ಕರಷ್ಟು. ದಸ್ತಾವೇಜನ್ನು ಈ ಚುಕ್ಕೆಗಳ ರಾಶಿಯಾಗಿ ಮಾಡುವ ಕೆಲಸವನ್ನು ಮೇಸ್ತ್ರಿಯು ‘ಫಿಲ್ಟರ್’ ಎಂಬ ಸಹಾಯಕರಿಗೆ ವಹಿಸುತ್ತಾನೆ. ಕೆಲವು ಪ್ರಿಂಟರುಗಳು ತಾವೇ ಮಾಡಿಕೊಳ್ಳುತ್ತವೆ.

ಕನ್ನಡಿಗರಾದ ನಮಗೆ ಇಲ್ಲಿ ಒಂದು ವಿಶೇಷವಾದ ಎಚ್ಚರಿಕೆ ಬೇಕು. ‘ಸೂರ್ಯ’ ಎಂಬ ಪದವನ್ನು ತೆಗೆದುಕೊಳ್ಳಿ. ಕಂಪ್ಯೂಟರು ಇದನ್ನು ಐದು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಸಕಾರ, ಊಕಾರದ ಚಿಹ್ನೆ, ರಕಾರ, ಅದರ ಸ್ವರವನ್ನು ನೀಗುವ ಹಲಂತಚಿಹ್ನೆ, ಯಕಾರ. ಸಂಕೇತಗಳಲ್ಲಿ ರಕಾರವು ಯಕಾರಕ್ಕಿಂತ ಮೊದಲು. ಕಾಗದದ ಮೇಲಾದರೋ ಅದು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಬಂದು ನಿಲ್ಲಬೇಕು. ಈ ಸ್ಥಳಾಂತರವನ್ನು ಮಾಡುವುದು ಮುದ್ರಣದ ಲೈಬ್ರರಿಯಲ್ಲ. ಅಕ್ಷರಗಳಿಗೆ ರೂಪ ಕೊಡುವ ಬೇರೊಂದು ಲೈಬ್ರರಿ. ‘ಹಾರ್ಫ್‌ಬಜ್’ ಎಂಬುದು ಅಂತಹುದೊಂದು. ಅಕ್ಷರರೂಪಗಳನ್ನು ಹೊಂದಿಸಿ, ಅವುಗಳ ಫಾಂಟನ್ನೂ ದಸ್ತಾವೇಜಿನೊಳಗೇ ಸೇರಿಸಿ ಕಳುಹಿಸಿದರೆ ಕನ್ನಡವು ಕೆಡದೆ ಮುಟ್ಟುತ್ತದೆ. ಫಾಂಟನ್ನು ಸೇರಿಸದೆ ಕಳುಹಿಸಿದರೆ, ಆಚೆಯ ಯಂತ್ರವು ತನ್ನಲ್ಲಿರುವ ಬೇರಾವುದೋ ಫಾಂಟನ್ನು ತೊಡಿಸಬಹುದು. ಆಗ ಒತ್ತಕ್ಷರಗಳು ಚದುರಿ ಬೀಳುತ್ತವೆ, ಇಲ್ಲವೆ ಅಕ್ಷರಗಳ ಬದಲು ಖಾಲಿ ಚೌಕಗಳು ಮೂಡುತ್ತವೆ. ಗಿರಣಿಯವನು ಕೊಟ್ಟ ಧಾನ್ಯವನ್ನು ಬೀಸುತ್ತಾನೆ, ಕಲ್ಲನ್ನು ಆರಿಸಿಕೊಡುವುದಿಲ್ಲ.

ಏನಾಯಿತು?

ಡಬ್ಬವನ್ನು ಸಾಲಿನಲ್ಲಿಟ್ಟ ಮಾತ್ರಕ್ಕೆ ಹಿಟ್ಟು ಆದಂತಲ್ಲ. ಲೈಬ್ರರಿಯು ದಸ್ತಾವೇಜನ್ನು ಅಂಗೀಕರಿಸಿದೆ ಎಂದರೆ ಅದು ಸಾಲಿಗೆ ಸೇರಿದೆ ಎಂದಷ್ಟೇ ಅರ್ಥ. ಇದನ್ನು ಮರೆತ ಪ್ರೋಗ್ರಾಮು, “ಮುದ್ರಣವಾಯಿತು” ಎಂದು ಪರದೆಯ ಮೇಲೆ ಘೋಷಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಕಾಗದ ಬಾರದುದನ್ನು ಕಂಡ ಬಳಕೆದಾರರು ಮತ್ತೆ ಮತ್ತೆ ಗುಂಡಿಯನ್ನು ಒತ್ತುತ್ತಾರೆ. ಸಿಕ್ಕಿಕೊಂಡ ಕಾಗದವನ್ನು ಬಿಡಿಸಿದೊಡನೆ ಒಂದೇ ದಸ್ತಾವೇಜು ಐದಾರು ಸಲ ಅಚ್ಚಾಗಿ ಬರುತ್ತದೆ. ಈ ಅನುಭವವು ಎಷ್ಟೋ ಕಚೇರಿಗಳಲ್ಲಿ ಉಂಟು.

ಆದುದರಿಂದ ನಾಲ್ಕನೆಯ ಕಾರ್ಯ ಅತ್ಯವಶ್ಯ. ‘ಕಪ್ಸ್-ಗೆಟ್-ಜಾಬ್ಸ್’ ಎಂಬ ಫಂಕ್ಷನ್ನು ಪ್ರತಿಯೊಂದು ಕೆಲಸದ ಸ್ಥಿತಿಯನ್ನು ಒಂದು ಸಂಖ್ಯೆಯಿಂದ ತಿಳಿಸುತ್ತದೆ: 3 ಎಂದರೆ ಕಾಯುತ್ತಿದೆ, 4, ತಡೆಹಿಡಿದಿದೆ, 5, ನಡೆಯುತ್ತಿದೆ, 6, ನಿಂತಿದೆ, 7, ರದ್ದಾಯಿತು, 8, ವ್ಯವಸ್ಥೆಯೇ ಕೈಬಿಟ್ಟಿತು, 9, ಪೂರ್ಣವಾಯಿತು. ಪ್ರಿಂಟರು ನಿಂತಿದ್ದರೆ ಕಾರಣವನ್ನೂ ಕೇಳಿ ತಿಳಿಯಬಹುದು: ಕಾಗದ ಮುಗಿದಿದೆ, ಕಾಗದ ಸಿಕ್ಕಿಕೊಂಡಿದೆ, ಮುಚ್ಚಳ ತೆರೆದಿದೆ ಎಂಬಂತೆ.

ಇಷ್ಟು ಸಣ್ಣ ಸುದ್ದಿಯ ಬೆಲೆ ಎಷ್ಟೆಂಬುದಕ್ಕೆ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರು ಇದ್ದನು. ಅಲ್ಲಿನ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಕಾಯುತ್ತಿರುವವರಿಗೆ ತಕ್ಷಣ ಸುದ್ದಿ ಹೋಗುವಂತೆ ಅವನು ಅದರ ಪ್ರೋಗ್ರಾಮನ್ನು ತಿದ್ದಿದ್ದನು. ಸುದ್ದಿ ಕೇಳಿದವರಲ್ಲಿ ಯಾರಾದರೂ ಎದ್ದು ಹೋಗಿ ಸರಿಪಡಿಸುತ್ತಿದ್ದರು. 1980ರ ಸುಮಾರಿಗೆ ಹೊಸ ಲೇಸರ್ ಪ್ರಿಂಟರು ಬಂದಿತು. ಅದರ ಪ್ರೋಗ್ರಾಮಿನ ಮೂಲಪಾಠವನ್ನು ಯಾರೂ ಕೊಡಲಿಲ್ಲವಾದುದರಿಂದ ಈ ಅನುಕೂಲವನ್ನು ಅದಕ್ಕೆ ಸೇರಿಸಲಾಗಲಿಲ್ಲ. ಈ ಅನುಭವವನ್ನು ಸ್ಟಾಲ್‌ಮನ್ ಮುಂದೆ ಅನೇಕ ಬಾರಿ ನೆನೆದಿದ್ದಾನೆ. ಪ್ರೋಗ್ರಾಮುಗಳನ್ನು ಎಲ್ಲರೂ ಓದಿ ತಿದ್ದಲು ಸ್ವಾತಂತ್ರ್ಯವಿರಬೇಕೆಂದು ಅವನು 1983ರಲ್ಲಿ ‘ಗ್ನು’ ಎಂಬ ಯೋಜನೆಯನ್ನು ಸಾರಿದನು.

ಆದರೂ ಒಂದು ಮಿತಿಯನ್ನು ಮರೆಯಬಾರದು. 9 ಎಂಬ ಸಂಖ್ಯೆಯು ‘ಪೂರ್ಣವಾಯಿತು’ ಎಂಬ ಯಂತ್ರದ ಹೇಳಿಕೆ ಮಾತ್ರ. ಹಾಳೆಯ ಮೇಲೆ ಏನಿದೆಯೆಂದು ಸಾಮಾನ್ಯ ಪ್ರಿಂಟರು ನೋಡಲಾರದು. ನಮ್ಮ ಒಂಬತ್ತು ಪ್ರಶ್ನೆಗಳ ಹಾಳೆಗಳೂ ವ್ಯವಸ್ಥೆಯ ದೃಷ್ಟಿಯಲ್ಲಿ ಪೂರ್ಣವಾಗಿಯೇ ಮುಗಿದಿದ್ದುವು!

ಕುಗ್ಗಿಸಬೇಕೆ, ಕತ್ತರಿಸಬೇಕೆ?

ಎ4 ಪುಟವು ಲೆಟರ್ ಹಾಳೆಯಲ್ಲಿ ಹಿಡಿಯದಿದ್ದರೆ ಅದನ್ನು ಸ್ವಲ್ಪ ಕುಗ್ಗಿಸಬಹುದಾಗಿತ್ತಲ್ಲವೆ ಎಂದು ಕೆಲವರು ಕೇಳಬಹುದು. ಆ ಏರ್ಪಾಡೂ ಉಂಟು. 279.4ನ್ನು 297ರಿಂದ ಭಾಗಿಸಿದರೆ ಸುಮಾರು 0.94. ನೂರಕ್ಕೆ ಆರರಷ್ಟು ಕುಗ್ಗಿಸಿದ್ದರೆ, ಅಂಚಿಗಾಗಿ ಇನ್ನೂ ಕೊಂಚ ಸೇರಿಸಿಕೊಂಡರೂ, ಹತ್ತನೆಯ ಪ್ರಶ್ನೆ ಉಳಿಯುತ್ತಿತ್ತು. ಹಾಗಾದರೆ ಲೈಬ್ರರಿಯು ಯಾವಾಗಲೂ ತಾನೇ ಕುಗ್ಗಿಸಿಬಿಡಬಾರದೇಕೆ?

ಭೌತಶಾಸ್ತ್ರದ ವಿದ್ಯಾರ್ಥಿಗಳು ಇದಕ್ಕೆ ತಾವೇ ಉತ್ತರ ಹೇಳಬಲ್ಲರು. ಅದೇ ಹಾಳೆಯಲ್ಲಿ ಹತ್ತು ಸೆಂಟಿಮೀಟರಿನ ಅಳತೆಪಟ್ಟಿಯ ಚಿತ್ರವಿದ್ದು, ಅದರಿಂದ ಅಳೆಯಿರಿ ಎಂದು ಪ್ರಶ್ನೆಯಿದ್ದರೆ? ಕುಗ್ಗಿದ ಪಟ್ಟಿಯು ಒಂಬತ್ತು ಸೆಂಟಿಮೀಟರು ನಾಲ್ಕು ಮಿಲಿಮೀಟರು ಆಗುತ್ತದೆ. ಅದರಿಂದ ಅಳೆದವರ ಉತ್ತರವೆಲ್ಲ ತಪ್ಪಾಗುತ್ತದೆ. ಗ್ರಾಫ್ ಹಾಳೆ, ಮನೆಯ ನಕ್ಷೆ, ಬಟ್ಟೆ ಕತ್ತರಿಸುವ ಮಾದರಿ, ಇವುಗಳಲ್ಲಿ ಕುಗ್ಗಿಸುವುದು ದೋಷ. ಪ್ರಶ್ನಪತ್ರಿಕೆ, ಪತ್ರ, ಅರ್ಜಿ, ಇವುಗಳಲ್ಲಿ ಕತ್ತರಿಸುವುದು ದೋಷ. ಹಾಳೆಯ ಮೇಲಿರುವುದು ಯಾವುದೆಂಬುದು ಲೈಬ್ರರಿಗೆ ತಿಳಿಯದು, ಪ್ರೋಗ್ರಾಮರಿಗೆ ತಿಳಿದಿರುತ್ತದೆ. ಆದುದರಿಂದಲೇ ಹೊಂದಿಸು, ತುಂಬಿಸು, ಇದ್ದಂತೆಯೇ ಬಿಡು ಎಂಬ ಆಯ್ಕೆಗಳನ್ನು ಲೈಬ್ರರಿಯು ಅವರ ಮುಂದಿಡುತ್ತದೆ. ಅವರು ಆರಿಸದೆ ಹೋದರೆ ಆಯ್ಕೆಯೇನೂ ನಿಲ್ಲುವುದಿಲ್ಲ. ಹಾಳೆಯ ಉದ್ದೇಶವನ್ನೇ ತಿಳಿಯದ ಯಂತ್ರವು ಅವರಿಗಾಗಿ ಆರಿಸುತ್ತದೆ.

ಪ್ರೋಗ್ರಾಮು ಬರೆಯಲು ಹೊರಟಿರುವ ತರುಣ ವಾಚಕರಿಗೆ ನಮ್ಮ ಬಿನ್ನಹ ಇಷ್ಟೇ. ನೀವು ಅಚ್ಚು ಮಾಡಿಸುವ ಹಾಳೆಯು ಒಬ್ಬರ ಅಂಕಪಟ್ಟಿಯಾಗಿರಬಹುದು, ಔಷಧದ ಚೀಟಿಯಾಗಿರಬಹುದು, ಹೊಲದ ಪಹಣಿಯಾಗಿರಬಹುದು. ಅದರ ಕೊನೆಯ ಸಾಲು ಬಿದ್ದುಹೋದರೆ, ಬಿದ್ದುಹೋದುದು ಅವರಿಗೆ ಗೊತ್ತೇ ಆಗದೆ ಇರಬಹುದು. ದಸ್ತಾವೇಜನ್ನು ಸಾಲಿಗೆ ಸೇರಿಸುವ ಮುನ್ನ ಹಾಳೆಯ ಅಳತೆಯನ್ನೂ ಅಂಚನ್ನೂ ಕೇಳಿರಿ. ಸೇರಿಸಿದ ಬಳಿಕ ಏನಾಯಿತೆಂದು ವಿಚಾರಿಸಿರಿ. ಉತ್ತರಗಳು ಲೈಬ್ರರಿಯಲ್ಲಿ ಸಿದ್ಧವಾಗಿಯೇ ಇವೆ.

ನಾವಂತೂ ಅಂದಿನಿಂದ ಪ್ರಶ್ನಪತ್ರಿಕೆಯ ಒಂದು ಪ್ರತಿಯನ್ನು ಮೊದಲು ತೆಗೆಸಿ, ಬೆರಳಿಟ್ಟು ಪ್ರಶ್ನೆಗಳನ್ನು ಎಣಿಸಿದ ಮೇಲೆಯೇ ಉಳಿದ ಐವತ್ತೊಂಬತ್ತಕ್ಕೆ ಅಪ್ಪಣೆ ಕೊಡುತ್ತಿದ್ದೇವೆ.